ಕಾಫಿ ಬೀಜದ ತೂಕ: ಅದರ ತಾರತಮ್ಯವೂ ಕಾರಣಗಳೂ

ಕಾಫಿ ಬೀಜದ ತೂಕವೆಂಬುದು ಹಣ್ಣಿನ ಸಿಪ್ಪೆಯನ್ನೂ ತಿರುಳನ್ನೂ ಪಾರ್ಚ್‌ಮೆಂಟ್ ಹೊಟ್ಟನ್ನೂ ಕಳೆದು, ದಾಸ್ತಾನಿಗೆ ತಕ್ಕಷ್ಟು ಒಣಗಿಸಿದ, ಇನ್ನೂ ಹುರಿಯದ ಒಂದೊಂದು ಬೀಜದ ಭಾರ. ಒಂದೇ ಬೀಜವನ್ನು ತೂಗುವುದಕ್ಕೆ ಬಹು ಸೂಕ್ಷ್ಮವಾದ ತಕ್ಕಡಿ ಬೇಕಾಗುವುದರಿಂದಲೂ, ಒಂದೇ ಬೀಜದ ತೂಕದಿಂದ ರಾಶಿಯ ಗುಣವನ್ನು ಹೇಳಲು ಬಾರದುದರಿಂದಲೂ, ನೂರು ಬೀಜಗಳನ್ನೋ ಸಾವಿರ ಬೀಜಗಳನ್ನೋ ಎಣಿಸಿ ಒಟ್ಟಿಗೆ ತೂಗಿ ಸರಾಸರಿಯನ್ನು ಹೇಳುವುದು ಶಾಸ್ತ್ರಜ್ಞರ ರೂಢಿ. ಹೀಗೆ ತೂಗಿದಾಗ ಅರೇಬಿಕಾ ಕಾಫಿಯ ನೂರು ಬೀಜಗಳು ಸಾಮಾನ್ಯವಾಗಿ 15ರಿಂದ 20 ಗ್ರಾಂ, ರೊಬಸ್ಟಾ ಕಾಫಿಯ ನೂರು ಬೀಜಗಳು 10ರಿಂದ 18 ಗ್ರಾಂ ತೂಗುತ್ತವೆ. ಎಂದರೆ ಬೀಜವೊಂದಕ್ಕೆ ಹೆಚ್ಚುಕಡಮೆ 100ರಿಂದ 200 ಮಿಲಿಗ್ರಾಂ ಬೀಳುತ್ತದೆ. ನಮ್ಮ ಅಕ್ಕಸಾಲಿಗರು ಬಂಗಾರವನ್ನು ತೂಗಲು ಬಳಸುತ್ತಿದ್ದ ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ ಇರುವುದರಿಂದ, 150 ಮಿಲಿಗ್ರಾಂ ತೂಗುವ ಅರೇಬಿಕಾ ಬೀಜವೊಂದು ಒಂದೂಕಾಲು ಗುಲಗಂಜಿಗೆ ಸಮವೆಂದು ಹೇಳಬಹುದು. ಆದರೆ ಗುಲಗಂಜಿ ತೂಕದ ಮಾನವಾಗಿ ನಿಂತಂತೆ ಕಾಫಿ ಬೀಜ ಎಂದೂ ನಿಲ್ಲಲಾರದು. ಒಂದೇ ಗಿಡದ ಒಂದೇ ರೆಂಬೆಯಿಂದ ಕೊಯ್ದ ಹಣ್ಣುಗಳಲ್ಲಿಯೂ ಸರಾಸರಿಯ ಅರ್ಧಕ್ಕಿಂತ ಹಗುರವಾದ ಬೀಜವೂ ಅದರ ಒಂದೂವರೆಯಷ್ಟು ಭಾರವಾದ ಬೀಜವೂ ಜೊತೆಜೊತೆಯಾಗಿ ದೊರೆಯುವುದುಂಟು. ಈ ತಾರತಮ್ಯಕ್ಕೆ ಕಾರಣ ಒಂದಲ್ಲ. ಜಾತಿ, ತಳಿ, ಪರಾಗ, ಮಳೆ, ಎಲೆ, ನೆರಳು, ಕೀಟ, ಕೊಯ್ಲಿನ ಕಾಲ, ಕಣದ ಬಿಸಿಲು ಇವೆಲ್ಲವೂ ಒಂದೊಂದು ಬೀಜದ ಮೇಲೆ ತಮ್ಮ ಪ್ರಭಾವವನ್ನು ಬೀರಿರುತ್ತವೆ.

ತೂಗತಕ್ಕ ಪದಾರ್ಥ ಯಾವುದೆಂಬುದನ್ನು ಮೊದಲು ನೋಡಬೇಕು. ಮಾಗಿದ ಹಣ್ಣೊಂದನ್ನು ಅಡ್ಡಲಾಗಿ ಕೊಯ್ದರೆ ಕೆಂಪು ಸಿಪ್ಪೆ, ಅದರೊಳಗೆ ತೆಳುವಾದ ಸಿಹಿ ತಿರುಳು, ಬೆರಳಿಗೆ ಜಾರುವ ಲೋಳೆ, ಗಡುಸಾದ ಪಾರ್ಚ್‌ಮೆಂಟ್ ಕವಚ, ಬೀಜಕ್ಕೆ ಅಂಟಿದ ಬೆಳ್ಳಿಬಣ್ಣದ ಪೊರೆ ಹೀಗೆ ಒಂದರೊಳಗೊಂದು ಆವರಣಗಳು ಕಾಣುತ್ತವೆ. ಎಲ್ಲಕ್ಕೂ ಒಳಗೆ, ಚಪ್ಪಟೆಯಾದ ಮೈಯನ್ನು ಪರಸ್ಪರ ಎದುರಿಟ್ಟುಕೊಂಡು ಎರಡು ಬೀಜಗಳು ಕುಳಿತಿರುತ್ತವೆ. ಈ ಬೀಜದಲ್ಲಿ ಭ್ರೂಣವೆಂಬುದು ಮೂರು ನಾಲ್ಕು ಮಿಲಿಮೀಟರ್ ಉದ್ದದ ಎಳೆಯಷ್ಟೇ. ಉಳಿದುದೆಲ್ಲ ಮೊಳೆಯುವ ಸಸಿಯ ಪೋಷಣೆಗಾಗಿ ಕೂಡಿಟ್ಟ ಭ್ರೂಣಾಹಾರ. ಅದರ ಒಣತೂಕದಲ್ಲಿ ಅರ್ಧದಷ್ಟು ಭಾಗ ಕೋಶಭಿತ್ತಿಗಳನ್ನು ದಪ್ಪಗೊಳಿಸಿರುವ ಸಂಕೀರ್ಣ ಶರ್ಕರಗಳದು. ಕೊಬ್ಬು ಅರೇಬಿಕಾದಲ್ಲಿ ನೂರಕ್ಕೆ ಸುಮಾರು 15, ರೊಬಸ್ಟಾದಲ್ಲಿ ಸುಮಾರು 10 ಪಾಲು. ಲೋಕವೆಲ್ಲ ಯಾವುದಕ್ಕಾಗಿ ಈ ಬೀಜವನ್ನು ಬಯಸುತ್ತದೆಯೋ ಆ ಕೆಫೀನ್ ಅರೇಬಿಕಾದಲ್ಲಿ ನೂರಕ್ಕೆ ಒಂದೂಕಾಲರ ಸಮೀಪದಲ್ಲಿಯೂ ರೊಬಸ್ಟಾದಲ್ಲಿ ಎರಡಕ್ಕೆ ತುಸು ಮೇಲೆಯೂ ಇರುವುದರಿಂದ, 150 ಮಿಲಿಗ್ರಾಂ ತೂಗುವ ಅರೇಬಿಕಾ ಬೀಜವೊಂದರಲ್ಲಿ ಎರಡು ಮಿಲಿಗ್ರಾಂಗಿಂತ ಕಡಮೆ ಕೆಫೀನ್ ಅಡಗಿದೆಯೆಂದಾಯಿತು. ಇದೇ ಲೆಕ್ಕವನ್ನು ಹಿಂದಕ್ಕೆ ಎಳೆದರೆ, ಒಂದು ಕಿಲೋಗ್ರಾಂ ಸ್ವಚ್ಛ ಕಾಫಿಯಲ್ಲಿ ಆರು ಸಾವಿರದ ಏಳು ನೂರರ ಹತ್ತಿರ ಬೀಜಗಳಿವೆ. ಅಷ್ಟಕ್ಕೆ ಮೂರು ಸಾವಿರದ ಮುನ್ನೂರಕ್ಕೂ ಹೆಚ್ಚು ಹಣ್ಣು ಬೇಕು. ಒಂದೊಂದು ಹಣ್ಣು ಒಂದು ಮುಕ್ಕಾಲು ಗ್ರಾಂ ತೂಗಿದರೂ ಅದು ಆರು ಕಿಲೋಗ್ರಾಂ ಹಣ್ಣಾಗುತ್ತದೆ. ಅರೇಬಿಕಾ ತೋಟಗಳಲ್ಲಿ ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಕಾಫಿಯೆಂಬ ಲೆಕ್ಕ ರೂಢಿಯಲ್ಲಿರುವುದು ಇದಕ್ಕೆ ಸರಿಯಾಗಿಯೇ ಇದೆ. ಇಷ್ಟು ಹಣ್ಣುಗಳನ್ನೂ ಕೆಂಪಾದುವನ್ನಷ್ಟೇ ಆರಿಸಿ ಕೈಯಿಂದ ಬಿಡಿಸಬೇಕೆಂಬುದನ್ನು ನೆನೆದರೆ ಮಿಲಿಗ್ರಾಂಗಳ ಈ ಚರ್ಚೆ ಕೇವಲ ಪ್ರಯೋಗಾಲಯದ ಕುತೂಹಲವಲ್ಲವೆಂಬುದು ವೇದ್ಯವಾಗುತ್ತದೆ.

ಭೇದಗಳಲ್ಲಿ ಮೊದಲನೆಯದು ಜಾತಿಯ ಭೇದ. ಕಾಫಿಯಾ ಎಂಬ ಕುಲದಲ್ಲಿ ನೂರಕ್ಕೂ ಮೀರಿ ಜಾತಿಗಳಿದ್ದು, ಅವುಗಳಲ್ಲಿ ಮೊಜಾಂಬಿಕ್ ಕಡೆಯ ರಾಸೆಮೋಸಾದಂಥ ಅತಿ ಸಣ್ಣ ಬೀಜದವೂ, ಪಶ್ಚಿಮ ಆಫ್ರಿಕದ ಲೈಬೀರಿಕಾದಂಥ ದೊಡ್ಡ ಬೀಜದವೂ ಸೇರಿವೆ. ಲೈಬೀರಿಕಾದ ಸಿಪ್ಪೆ ತಿರುಳುಗಳು ಬಹಳ ದಪ್ಪವಾದುದರಿಂದ ದೊಡ್ಡ ಹಣ್ಣು ಕೊಯ್ದವನಿಗೆ ಅದಕ್ಕೆ ತಕ್ಕ ಪ್ರಮಾಣದಲ್ಲಿ ಬೀಜ ದೊರೆಯುವುದಿಲ್ಲ. ವ್ಯಾಪಾರದಲ್ಲಿ ಪ್ರಧಾನವಾದ ಎರಡು ಜಾತಿಗಳ ನಡುವಣ ವ್ಯತ್ಯಾಸ ಸರಾಸರಿಯಲ್ಲಿ ಮಾತ್ರವಲ್ಲ, ಸಮತೆಯಲ್ಲಿಯೂ ಇದೆ. ಅರೇಬಿಕಾ ತನ್ನ ಪರಾಗದಿಂದ ತಾನೇ ಫಲಿಸತಕ್ಕ ಗಿಡವಾದುದರಿಂದ ತಾಯಿಯ ಲಕ್ಷಣ ಮಕ್ಕಳಲ್ಲಿ ಬಹುಮಟ್ಟಿಗೆ ಉಳಿದು, ಒಂದು ತಳಿಯ ತೋಟದಲ್ಲಿ ಗಿಡಗಳ ನಡುವೆ ಸಾಮ್ಯವಿರುತ್ತದೆ. ರೊಬಸ್ಟಾ ಸ್ವಪರಾಗವನ್ನು ಒಲ್ಲದೆ ಅನ್ಯ ಗಿಡದ ಪರಾಗದಿಂದಲೇ ಕಾಯಿ ಕಚ್ಚುವುದರಿಂದ ಬೀಜದಿಂದ ಬೆಳೆಸಿದ ತೋಟದಲ್ಲಿ ಪ್ರತಿಯೊಂದು ಗಿಡವೂ ಬೇರೊಂದು ಸಂತಾನ. ಒಂದು ಗಿಡದಲ್ಲಿ ಮೆಣಸಿಗಿಂತ ತುಸು ಮಿಗಿಲಾದ ಬೀಜವೂ ಪಕ್ಕದ ಗಿಡದಲ್ಲಿ ಅದರ ಎರಡರಷ್ಟು ದಪ್ಪದ ಬೀಜವೂ ಬಿಡುವುದನ್ನು ಕೊಡಗಿನ ಹಳೆಯ ರೊಬಸ್ಟಾ ತೋಟಗಳಲ್ಲಿ ನೋಡಬಹುದು.

ತಳಿಗಳಲ್ಲಿ ಬ್ರೆಜಿಲಿನ ಬಾಹಿಯಾ ಪ್ರಾಂತದ ಮರಗೋಜಿಪಿ ಎಂಬ ಊರಿನ ಬಳಿ 1870ರಲ್ಲಿ ಕಂಡುಬಂದ, ಆ ಊರಿನ ಹೆಸರನ್ನೇ ಪಡೆದ ಗಿಡವು ಬೀಜದ ಗಾತ್ರಕ್ಕೆ ಜಗತ್ಪ್ರಸಿದ್ಧವಾದುದು. ಒಂದೇ ಒಂದು ಪ್ರಬಲ ಗುಣದ ಮಾರ್ಪಾಟಿನಿಂದ ಎಲೆ, ಹಣ್ಣು, ಬೀಜ ಎಲ್ಲವೂ ಹಿರಿದಾಗಿರುವ ಈ ತಳಿ ಫಸಲಿನಲ್ಲಿ ಮಾತ್ರ ಬಡವಾದುದು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೋಕಾ ಎಂಬ ಕುಬ್ಜ ತಳಿಯ ಬೀಜ ಬಟಾಣಿಯ ಬೇಳೆಯಷ್ಟೇ ಇದ್ದು ಗುಂಡಗಿರುತ್ತದೆ. ರಿಯೂನಿಯನ್ ದ್ವೀಪದ ಲಾರಿನಾ ತಳಿಯದು ಸಣ್ಣಗೆ ಒಂದು ತುದಿ ಚೂಪಾಗಿರುತ್ತದೆ. ನಮ್ಮ ನಾಡಿನ ಕಾಫಿಯಾದರೋ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನಿಂದ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯ ಹೇಳುವ ಏಳು ಬೀಜಗಳಿಂದ ಹೊರಟಿತು; ಆ ಏಳು ಬೀಜಗಳ ಒಟ್ಟು ತೂಕ ಒಂದು ಗ್ರಾಂನ ಆಸುಪಾಸಿನಲ್ಲಿದ್ದಿರಬೇಕು. ಮುಂದೆ ಮೈಸೂರು ಸೀಮೆಯ ದೊಡ್ಡೇನಗುಡ್ಡದ ತೋಟದಲ್ಲಿ 1911ರ ಸುಮಾರಿಗೆ ಆರಿಸಲ್ಪಟ್ಟ ಕೆಂಟ್ ತಳಿಯೂ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕೆಂಟ್ ತಳಿಯೊಡನೆ ಸಂಕರಿಸಿ ಪಡೆದ ಎಸ್. 795 ತಳಿಯೂ ಎಲೆ ತುಕ್ಕು ರೋಗವನ್ನು ತಡೆಯುವ ಶಕ್ತಿಗಾಗಿ ಹೆಸರಾದುವಾದರೂ, ದಪ್ಪನೆಯ ಬೀಜಗಳ ಪಾಲು ಅವುಗಳಲ್ಲಿ ಹೆಚ್ಚಾಗಿದ್ದುದು ಬೆಳೆಗಾರರು ಅವನ್ನು ಕೈಬಿಡದಿರಲು ಮತ್ತೊಂದು ಕಾರಣ. ಕಾಂಜೆನ್ಸಿಸ್ ಮತ್ತು ರೊಬಸ್ಟಾಗಳ ಸಂಕರದಿಂದ ಬಂದ ಸಿ×ಆರ್ ತಳಿಯ ಬೀಜ ಹಳೆಯ ರೊಬಸ್ಟಾಕ್ಕಿಂತ ದಪ್ಪ, ರುಚಿಯಲ್ಲಿ ಮೃದು.

ತಳಿಯನ್ನು ಬಿಟ್ಟು ಹಣ್ಣಿನ ಒಳಕ್ಕೆ ಬಂದರೆ ತೂಕದ ವೈಷಮ್ಯ ಇನ್ನೂ ಸ್ಪಷ್ಟವಾಗುತ್ತದೆ. ಹೂವಿನ ಅಂಡಾಶಯದಲ್ಲಿ ಎರಡು ಅಂಡಕಗಳಿರುವುದು ನಿಯಮ. ಎರಡೂ ಫಲಿಸಿ ಬೆಳೆದರೆ ಒಂದು ಮೈ ಚಪ್ಪಟೆಯಾದ ಎರಡು ಬೀಜಗಳು. ಒಂದು ಅಂಡಕ ಫಲಿಸದೆ ಹೋದರೆ, ಇಲ್ಲವೆ ಫಲಿಸಿಯೂ ಎಳೆಯದರಲ್ಲಿಯೇ ಬಾಡಿದರೆ, ಉಳಿದ ಒಂದೇ ಬೀಜ ತನ್ನನ್ನು ಒತ್ತುವ ಜೊತೆಗಾರನಿಲ್ಲದೆ ದುಂಡಗೆ ಬೆಳೆಯುತ್ತದೆ, ಇದೇ ಪೀಬರಿ. ಪೀಬರಿಗೆ ಹಣ್ಣಿನ ಆಹಾರವೆಲ್ಲ ದೊರೆಯುವುದರಿಂದ ಅದು ಎರಡು ಬೀಜಗಳ ತೂಕವನ್ನು ಒಂದೇ ಹೊರುತ್ತದೆಯೆಂಬ ಜನಪ್ರಿಯವಾದ ನಂಬಿಕೆ ನಿಜವಲ್ಲ. ಚಪ್ಪಟೆ ಬೀಜಕ್ಕಿಂತ ಮೈತುಂಬಿಕೊಂಡಿದ್ದರೂ ಎರಡರ ಒಟ್ಟು ತೂಕವನ್ನು ಅದು ಮುಟ್ಟುವುದು ಅಪರೂಪ. ಆದುದರಿಂದಲೇ ಪೀಬರಿ ಹೆಚ್ಚಾದಷ್ಟೂ ತೋಟದ ಒಟ್ಟು ಇಳುವರಿಗೆ ನಷ್ಟ. ಪರಾಗಸ್ಪರ್ಶದ ಕೊರತೆ ಇದಕ್ಕೆ ಒಂದು ಕಾರಣವೆಂಬುದನ್ನು ಕೋಸ್ಟರೀಕದ ಒಂದು ತೋಟದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೆನ್ನಾಗಿ ತೋರಿಸಿಕೊಟ್ಟಿತು: ಕಾಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗಿದ್ದ ಗಿಡಗಳಿಗೆ ಕಾಡಿನ ಜೇನುನೊಣಗಳು ಬಂದು ಹೋಗುತ್ತಿದ್ದುದರಿಂದ ಅಲ್ಲಿ ಇಳುವರಿ ನೂರಕ್ಕೆ 20ರಷ್ಟು ಹೆಚ್ಚಿ, ಪೀಬರಿಯ ಪ್ರಮಾಣ ನೂರಕ್ಕೆ 27ರಷ್ಟು ತಗ್ಗಿತ್ತು. ಹೆಜ್ಜೇನು ಹಲಸಿನ ಮರಕ್ಕೂ ಬೂರುಗದ ಮರಕ್ಕೂ ಕಟ್ಟಿಕೊಳ್ಳುವ ನಮ್ಮ ಮಲೆನಾಡಿನ ತೋಟಗಾರರು, ಅದರಲ್ಲಿಯೂ ಅನ್ಯಪರಾಗವನ್ನೇ ನಂಬಿದ ರೊಬಸ್ಟಾದ ಬೆಳೆಗಾರರು, ಆ ಗೂಡುಗಳನ್ನು ತಮ್ಮ ಆಸ್ತಿಯೆಂದೇ ಎಣಿಸಬೇಕು.

ಪೀಬರಿಗೆ ಪ್ರತಿಯಾಗಿ, ಕೆಲವು ಹಣ್ಣುಗಳಲ್ಲಿ ಮೂರು ಕೋಣೆಗಳಾಗಿ ಮೂರು ಬೀಜಗಳು ಬೆಳೆಯುವುದುಂಟು; ಆಗ ಒಂದೊಂದಕ್ಕೂ ಎರಡೆರಡು ಚಪ್ಪಟೆ ಮುಖಗಳಾಗಿ ಮೂರುಮೂಲೆಯ ಹಗುರವಾದ ಬೀಜಗಳಾಗುತ್ತವೆ. ಒಂದೇ ಕೋಣೆಯಲ್ಲಿ ಎರಡು ಬೀಜಗಳು ಸುತ್ತಿಕೊಂಡು ಬೆಳೆದರೆ ಅದು ಆನೆಬೀಜ. ನೋಡಲು ಭಾರಿಯಾಗಿದ್ದರೂ ಹುರಿಯುವಾಗ ಸಡಿಲಿ ಚಿಪ್ಪು ಒಂದಾಗಿ ತಿರುಳು ಒಂದಾಗಿ ಬೇರ್ಪಡುತ್ತದೆ. ಇನ್ನು ಕೋಣೆಯೇನೋ ಬೆಳೆದು ಒಳಗೆ ಭ್ರೂಣಾಹಾರ ತುಂಬದೆ ಉಳಿದರೆ ಅದು ಜೊಳ್ಳು. ಕೊಯ್ದ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದ ಕ್ಷಣ ಜೊಳ್ಳು ಮೇಲಕ್ಕೆ ಬಂದು ತೇಲುತ್ತದೆ. ಗಟ್ಟಿ ಕಾಯಿ ತಳಕ್ಕೆ ಇಳಿಯುತ್ತದೆ. ತಕ್ಕಡಿಯಿಲ್ಲದೆ ತೂಕವನ್ನು ವಿಂಗಡಿಸುವ ಉಪಾಯಗಳಲ್ಲಿ ಇದಕ್ಕಿಂತ ಸರಳವೂ ನಿಷ್ಪಕ್ಷಪಾತವೂ ಆದುದು ಬೇರೊಂದಿಲ್ಲ.

ಬೀಜದ ತೂಕ ಯಾವಾಗ ನಿಶ್ಚಯವಾಗುತ್ತದೆ ಎಂಬುದು ಈ ವಿಷಯದಲ್ಲೆಲ್ಲ ಅತ್ಯಂತ ರಮ್ಯವಾದ ಭಾಗ. ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಎರಡು ಮೂರು ದಿನಗಳಲ್ಲಿ ಬಾಡಿದ ಮೇಲೆ, ಸುಮಾರು ಆರು ವಾರಗಳ ಕಾಲ ಕಾಯಿ ಗುಂಡುಸೂಜಿಯ ತಲೆಯಷ್ಟೇ ಇದ್ದು ಬೆಳವಣಿಗೆಯೇ ನಿಂತಂತೆ ತೋರುತ್ತದೆ. ಆಮೇಲೆ ಆರನೆಯ ವಾರದಿಂದ ಹದಿನಾರನೆಯ ವಾರದವರೆಗೆ ಕಾಯಿ ವೇಗವಾಗಿ ಉಬ್ಬುತ್ತದೆ. ಈ ಅವಧಿಯಲ್ಲಿ ಅದರೊಳಗೆ ಬಹುಮಟ್ಟಿಗೆ ನೀರೇ ಇದ್ದರೂ, ಪಾರ್ಚ್‌ಮೆಂಟ್ ಕವಚ ತನ್ನ ಪೂರ್ಣ ಗಾತ್ರಕ್ಕೆ ಹಿಗ್ಗಿ ಗಟ್ಟಿಯಾಗುವುದು ಆಗಲೇ. ಒಮ್ಮೆ ಗಟ್ಟಿಯಾದ ಕವಚ ಮತ್ತೆ ಹಿಗ್ಗದು. ಕೆನ್ಯಾ ದೇಶದಲ್ಲಿ ಕಾಫಿ ಗಿಡದ ದೇಹಧರ್ಮವನ್ನು ಕುರಿತು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಪ್ರಸಿದ್ಧವಾದ ಪರಿಶೋಧನೆಗಳನ್ನು ನಡೆಸಿದ ಕ್ಯಾನೆಲ್ ಅವರು ಈ ಉಬ್ಬುವ ವಾರಗಳಲ್ಲಿ ಗಿಡಕ್ಕೆ ದೊರೆಯುವ ನೀರೇ ಬೀಜದ ಗರಿಷ್ಠ ಗಾತ್ರವನ್ನು ಗೊತ್ತುಮಾಡುತ್ತದೆಯೆಂಬುದನ್ನು ಸ್ಥಾಪಿಸಿದರು. ಹದಿನೇಳನೆಯ ವಾರದಿಂದ ಮುಂದಕ್ಕೆ ಎರಡು ಮೂರು ತಿಂಗಳ ಕಾಲ ಆ ಕವಚದ ಒಳಗೆ ಘನಪದಾರ್ಥ ತುಂಬತೊಡಗುತ್ತದೆ. ಇದಕ್ಕೆ ಬೇಕಾದುದು ಎಲೆ ತಯಾರಿಸಿ ಕಳುಹಿಸುವ ಶರ್ಕರ. ಬಳಿಕ ಹಣ್ಣಾಗುವಿಕೆ. ಎಲ್ಲ ಸೇರಿ ನಮ್ಮಲ್ಲಿ ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ.

ಇದರಿಂದ ಹೊರಡುವ ತತ್ತ್ವವನ್ನು ಬೆಳೆಗಾರನೂ ವ್ಯಾಪಾರಿಯೂ ಚೆನ್ನಾಗಿ ಮನನ ಮಾಡಬೇಕೆಂಬುದು ನನ್ನ ಅಭಿಪ್ರಾಯ: ಸಣ್ಣ ಬೀಜವೂ ಹಗುರ ಬೀಜವೂ ಒಂದೇ ಅಲ್ಲ. ಉಬ್ಬುವ ಕಾಲದಲ್ಲಿ ನೀರು ಸಾಲದೆ ಹೋದ ಬೀಜ ಸಣ್ಣದಾಗಿರಬಹುದು, ಆದರೆ ತುಂಬುವ ಕಾಲದಲ್ಲಿ ಎಲೆ ಚೆನ್ನಾಗಿದ್ದರೆ ಅದು ಗಟ್ಟಿಯಾಗಿಯೂ ಸಾರವತ್ತಾಗಿಯೂ ಇರುತ್ತದೆ. ಉಬ್ಬುವ ಕಾಲದಲ್ಲಿ ಮಳೆ ಸಮೃದ್ಧವಾಗಿದ್ದು, ತುಂಬುವ ಕಾಲದಲ್ಲಿ ಎಲೆ ಉದುರಿಹೋದ ಗಿಡದ ಬೀಜ ಜರಡಿಯ ಕಣ್ಣಿಗೆ ದೊಡ್ಡದೇ. ತೂಕದಲ್ಲಿ ಮಾತ್ರ ಅದು ತನ್ನ ಟೊಳ್ಳುತನವನ್ನು ಬಯಲುಮಾಡುತ್ತದೆ. ಗಾತ್ರವನ್ನು ಮಾತ್ರ ನೋಡಿ ಬೆಲೆ ಕಟ್ಟುವ ಪದ್ಧತಿ ಮೊದಲನೆಯ ಬೀಜಕ್ಕೆ ಅನ್ಯಾಯವನ್ನೂ ಎರಡನೆಯದಕ್ಕೆ ಸಲ್ಲದ ಗೌರವವನ್ನೂ ಮಾಡುತ್ತದೆ.

ತುಂಬುವ ಕಾಲದಲ್ಲಿ ಎಲೆಗೂ ಕಾಯಿಗೂ ಇರಬೇಕಾದ ಪ್ರಮಾಣವೇ ಮುಖ್ಯ. ಅನೇಕ ಹಣ್ಣಿನ ಮರಗಳು ತಮ್ಮಿಂದ ಹೊರಲಾಗದಷ್ಟು ಕಾಯಿ ಕಚ್ಚಿದಾಗ ಹೆಚ್ಚಿನದನ್ನು ತಾವೇ ಉದುರಿಸಿಬಿಡುತ್ತವೆ. ಇಥಿಯೋಪಿಯದ ದಟ್ಟ ಕಾಡಿನ ನೆರಳಿನಲ್ಲಿ ಕೆಲವೇ ಹೂ ಬಿಡುತ್ತ ಬಂದ ಅರೇಬಿಕಾಕ್ಕೆ ಆ ಅಭ್ಯಾಸ ಸಾಲದು. ಬಯಲಿನ ಬಿಸಿಲಿಗೆ ಅದನ್ನು ತಂದು ನಿಲ್ಲಿಸಿದರೆ ಮೈತುಂಬ ಹೂ ಬಿಟ್ಟು, ಕಚ್ಚಿದ ಕಾಯಿಯನ್ನೆಲ್ಲ ಸಾಕಲು ಹೆಣಗಿ, ಕಡೆಗೆ ಬೀಜವನ್ನೂ ಕೃಶಗೊಳಿಸಿ ತನ್ನ ರೆಂಬೆಗಳ ತುದಿಗಳನ್ನೂ ಒಣಗಿಸಿಕೊಳ್ಳುತ್ತದೆ. ಮರುವರ್ಷ ಫಸಲು ಕಡಮೆಯಾಗಿ ಬೀಜ ದಪ್ಪಗಾಗುತ್ತದೆ. ಕಾಯಿಯನ್ನು ಕೈಯಿಂದ ವಿರಳಗೊಳಿಸಿದಾಗಲೂ, ಗಿಡಗಳಿಗೆ ಮಿತವಾದ ನೆರಳನ್ನು ಕೊಟ್ಟಾಗಲೂ ಬೀಜ ದೊಡ್ಡದಾಗುತ್ತದೆಯೆಂಬುದು ಕೋಸ್ಟರೀಕದ ಪ್ರಯೋಗಗಳಿಂದ ಸಿದ್ಧವಾಗಿದೆ. ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸು, ನಂದಿ ಮರಗಳ ಕೆಳಗೆ ಕಾಫಿ ಬೆಳೆದು, ಮಳೆಗಾಲಕ್ಕೆ ಮುನ್ನ ಮರಕಸಿ ಮಾಡಿಸಿ, ಎಂದರೆ ನೆರಳಿನ ರೆಂಬೆಗಳನ್ನು ಸವರಿಸಿ, ಬೆಳಕನ್ನು ಅಳೆದು ಬಿಡುವ ನಮ್ಮ ಹಿರಿಯರ ಕ್ರಮ ಹೀಗೆ ಬೀಜದ ತೂಕಕ್ಕೂ ಹಿತವಾದುದು. ಎತ್ತರವೂ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ತಂಪಾದ ಎತ್ತರದಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬೀಜ ತುಂಬುವುದಕ್ಕೆ ಕಾಲಾವಕಾಶ ಹೆಚ್ಚು. ಗಾತ್ರ ಒಂದೇ ಇದ್ದರೂ ಸಾಂದ್ರತೆ ಮಿಗಿಲು. ಗ್ವಾಟೆಮಾಲದವರು ಸುಮಾರು 1,350 ಮೀಟರಿಗಿಂತ ಮೇಲೆ ಬೆಳೆದುದನ್ನು ಅತ್ಯಂತ ಗಟ್ಟಿ ಬೀಜವೆಂಬ ದರ್ಜೆಯಲ್ಲಿ ಮಾರುವುದು ಗಾತ್ರವನ್ನಲ್ಲದೆ ಸಾಂದ್ರತೆಯನ್ನು ಗೌರವಿಸುವ ಸತ್ಸಂಪ್ರದಾಯ.

ರೋಗ ಕೀಟಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಎಲೆ ತುಕ್ಕು ಎಲೆಯನ್ನು ಉದುರಿಸಿ ಬೀಜವನ್ನು ಪರೋಕ್ಷವಾಗಿ ಸೊರಗಿಸುತ್ತದೆ. ಭಾರತದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಾಣಿಸಿಕೊಂಡ ಕಾಯಿಕೊರಕವು ನೇರವಾಗಿ ಬೀಜದೊಳಕ್ಕೆ ರಂಧ್ರ ಕೊರೆದು, ಅಲ್ಲಿಯೇ ಮೊಟ್ಟೆಯಿಟ್ಟು, ಮರಿಗಳು ತಿಂದಷ್ಟು ತೂಕವನ್ನು ಕಳೆಯುತ್ತದೆ. ಅಂಥ ಬೀಜಗಳೂ ತೇಲುತ್ತವೆ.

ಗಿಡದಿಂದ ಇಳಿದ ಮೇಲೆ ತೂಕದ ಕಥೆ ಬಹುಪಾಲು ನೀರಿನ ಕಥೆ. ಹಣ್ಣಿನಲ್ಲಿರುವಾಗ ಬೀಜದ ಅರ್ಧದಷ್ಟು ನೀರೇ; ಕಣದಲ್ಲಿ ಒಣಗಿಸಿ ಅದನ್ನು ನೂರಕ್ಕೆ 10ರಿಂದ 11 ಪಾಲಿಗೆ ಇಳಿಸಬೇಕು. ಬೀಜದ ತೂಕವನ್ನು ಹೇಳುವವರು ಅದರ ತೇವಾಂಶವನ್ನೂ ಹೇಳದೆ ಬಿಟ್ಟರೆ ಆ ಅಂಕಿಗೆ ಅರ್ಥವಿಲ್ಲ: ನೂರಕ್ಕೆ 12 ತೇವವಿರುವಾಗ 150 ಮಿಲಿಗ್ರಾಂ ತೂಗುವ ಬೀಜದಲ್ಲಿ ಒಣಪದಾರ್ಥ 132 ಮಿಲಿಗ್ರಾಂ, ಅದೇ ಬೀಜವನ್ನು ನೂರಕ್ಕೆ 10ಕ್ಕೆ ಒಣಗಿಸಿದರೆ ನೀರಲ್ಲದೆ ಬೇರೇನನ್ನೂ ಕಳೆದುಕೊಳ್ಳದೆಯೇ 147 ಮಿಲಿಗ್ರಾಂಗೆ ಇಳಿಯುತ್ತದೆ. ಒಂದು ಬೀಜದಲ್ಲಿ ಮೂರು ಮಿಲಿಗ್ರಾಂ ಏನೂ ಅಲ್ಲ. ನೂರು ಮೂಟೆಗಳಲ್ಲಿ ಅದು ಎರಡು ಮೂಟೆ. ಒಣಗುವಿಕೆ ಪೂರ್ತಿಯಾಯಿತೇ ಎಂದು ತಿಳಿಯಲು ತೋಟಗಳಲ್ಲಿ ಒಂದು ಉಪಾಯ ಬಹುಕಾಲದಿಂದ ನಡೆದುಬಂದಿದೆ. ಸಂಜೆ ಕಣದಿಂದ ಕಾಫಿಯನ್ನು ರಾಶಿಮಾಡುವ ಮುನ್ನ, ಫಾರ್ಲಿಟ್ ಎಂಬ 40 ಲೀಟರ್ ಅಳತೆಯ ಡಬ್ಬಕ್ಕೆ ಅದನ್ನು ತುಂಬಿ, ಮೇಲ್ಭಾಗವನ್ನು ಕೋಲಿನಿಂದ ಸಮಮಾಡಿ ತೂಗುತ್ತಾರೆ. ಅಳತೆ ಅದೇ ಇದ್ದು ದಿನದಿನಕ್ಕೆ ತೂಕ ಇಳಿಯುತ್ತಿರುವ ತನಕ ನೀರು ಇನ್ನೂ ಹೊರಡುತ್ತಿದೆಯೆಂದರ್ಥ. ಇಂದಿನ ತೂಕವೂ ನಾಳೆಯ ತೂಕವೂ ಒಂದೇ ಆದಾಗ ಕಾಫಿಯನ್ನು ಕಣದಿಂದ ಎತ್ತಿ ಚೀಲಕ್ಕೆ ಹಾಕುತ್ತಾರೆ.

ಹಣ್ಣನ್ನು ಪಲ್ಪ್ ಮಾಡಿ, ಎಂದರೆ ಸಿಪ್ಪೆ ತಿರುಳುಗಳನ್ನು ಕಳೆದು, ಒಣಗಿಸಿದ ಪಾರ್ಚ್‌ಮೆಂಟಿನ 50 ಕಿಲೋ ಮೂಟೆಯಿಂದ ಸುಮಾರು 40 ಕಿಲೋ ಸ್ವಚ್ಛ ಬೀಜವೂ, ಹಣ್ಣನ್ನೇ ಇಡಿಯಾಗಿ ಒಣಗಿಸಿದ ರೊಬಸ್ಟಾ ಚೆರಿಯ ಅಂಥದೇ ಮೂಟೆಯಿಂದ 26ರಿಂದ 28 ಕಿಲೋ ಬೀಜವೂ ದೊರೆಯುತ್ತವೆ. ಇದನ್ನೇ ಔಟ್‌ಟರ್ನ್ ಎನ್ನುತ್ತಾರೆ. ಕೊಡಗು, ಹಾಸನ, ಚಿಕ್ಕಮಗಳೂರುಗಳಲ್ಲಿ ಚೆರಿಯ ಬೆಲೆಯನ್ನು ಔಟ್‌ಟರ್ನಿಗೆ ಇಷ್ಟೆಂದು ಮಾತನಾಡುವುದೇ ವಾಡಿಕೆ. ಜೊಳ್ಳು ಹೆಚ್ಚಾದ ವರ್ಷ, ಎಳೆಗಾಯಿಯನ್ನು ಅವಸರದಿಂದ ಎಳೆದು ಕೊಯ್ದ ವರ್ಷ, ತುಂಬುವ ತಿಂಗಳುಗಳಲ್ಲಿ ಮಳೆ ಕೈಕೊಟ್ಟ ವರ್ಷ ಮೂಟೆಯ ತೂಕ ಅಷ್ಟೇ ಇದ್ದರೂ ಸಿಪ್ಪೆಯ ಪಾಲು ಹೆಚ್ಚಿ ಬೀಜದ ಪಾಲು ತಗ್ಗುತ್ತದೆ. ಒಂದೊಂದು ಬೀಜದಲ್ಲಿ ಹತ್ತು ಮಿಲಿಗ್ರಾಂ ಕೊರತೆಯಾದರೆ ಅದು ಬೆಳೆಗಾರನ ಕೈಗೆ ಬರುವ ಹಣದಲ್ಲಿ ಎದ್ದು ಕಾಣುತ್ತದೆ. ಸಣ್ಣ ಹಿಡುವಳಿಯ ಸಂಸಾರಗಳು ವರ್ಷದ ಖರ್ಚನ್ನು ಈ ಒಂದು ಅಂಕಿಯ ಮೇಲೆ ನಿಲ್ಲಿಸಿಕೊಂಡಿರುವುದರಿಂದ, ಮಾದರಿಯ ಮೂಟೆಯನ್ನು ಬಡಿದು, ತೂಗಿ, ಔಟ್‌ಟರ್ನ್ ಹೇಳುವ ಕೆಲಸ ಬೆಳೆಗಾರನ ಕಣ್ಣೆದುರಿಗೇ ನಡೆಯಬೇಕಾದುದು ನ್ಯಾಯ.

ಒಣಗಿದ ಬೀಜ ಮತ್ತೆ ನೀರನ್ನು ಹೀರಿ ತೂಕ ಹೆಚ್ಚಿಸಿಕೊಳ್ಳುವುದೂ ಉಂಟು. ಇದು ಸಾಮಾನ್ಯವಾಗಿ ದೋಷವೆನಿಸಿದರೂ ಪಶ್ಚಿಮ ಕರಾವಳಿಯ ಮಾನ್ಸೂನ್ಡ್ ಮಲಬಾರ್ ಕಾಫಿಯಲ್ಲಿ ಅದೇ ಒಂದು ಕಲೆಯಾಗಿ ಪರಿಣಮಿಸಿದೆ. ಹಡಗುಗಳು ಗುಡ್‌ಹೋಪ್ ಭೂಶಿರವನ್ನು ಸುತ್ತಿ ತಿಂಗಳುಗಟ್ಟಲೆ ಸಾಗುತ್ತಿದ್ದ ಕಾಲದಲ್ಲಿ ಕಡಲಿನ ತೇವದಿಂದ ಬೀಜ ಉಬ್ಬಿ ಬಿಳಿಚಿಕೊಂಡು ಯೂರೋಪನ್ನು ಮುಟ್ಟುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಮೊಟಕಾದ ಮೇಲೂ ಆ ರುಚಿಯನ್ನು ಕೇಳುವವರಿದ್ದುದರಿಂದ, ಮಂಗಳೂರಿನಂಥ ಕಡಲತೀರದ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಜವನ್ನು ನೆಲದ ಮೇಲೆ ಹರವಿ, ಕೆದಕಿ, ಚೀಲಕ್ಕೆ ತುಂಬಿ, ಮತ್ತೆ ಸುರಿದು, ಮುಂಗಾರಿನ ಗಾಳಿಯನ್ನು ಉಣಿಸುವ ಪದ್ಧತಿ ನಿಂತಿತು. ತೇವ ನೂರಕ್ಕೆ 13, 14ಕ್ಕೆ ಏರಿ ಬೀಜದ ಗಾತ್ರ ಬಹಳವಾಗಿ ಹಿಗ್ಗುತ್ತದೆ. ತೂಕ ಆ ಪ್ರಮಾಣದಲ್ಲಿ ಏರದುದರಿಂದ ಅದು ಕೈಗೆ ಹಗುರವಾಗಿಯೂ ಬಣ್ಣದಲ್ಲಿ ಹೊಂಬಿಳಿಯಾಗಿಯೂ ಆಗುತ್ತದೆ. ಗಾತ್ರವೂ ತೂಕವೂ ಎಷ್ಟು ದೂರ ಅಗಲಬಹುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು.

ಹೊಟ್ಟನ್ನು ಬಿಡಿಸಿ ಬೀಜವನ್ನು ಹಸನುಮಾಡುವ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಅದನ್ನು ವಿಂಗಡಿಸುವುದು ಜರಡಿಯಿಂದ. ಜರಡಿಯ ಸಂಖ್ಯೆ ಅದರ ರಂಧ್ರದ ವ್ಯಾಸವನ್ನು ಅಂಗುಲದ ಅರವತ್ತನಾಲ್ಕನೆಯ ಪಾಲುಗಳಲ್ಲಿ ಹೇಳುತ್ತದೆ. 18ನೆಯ ಜರಡಿಯ ಮೇಲೆ ನಿಲ್ಲುವ ಬೀಜ ಏಳು ಮಿಲಿಮೀಟರಿಗೂ ಅಗಲ, 15ನೆಯದರ ಮೇಲೆ ನಿಲ್ಲುವುದು ಸುಮಾರು ಆರು. ಪ್ಲಾಂಟೇಷನ್ ಎಎ, ಎ, ಬಿ, ಸಿ ಎಂಬ ನಮ್ಮ ದರ್ಜೆಗಳೆಲ್ಲ ಈ ಅಗಲದ ಮೇಲೆ ನಿಂತವು. ಪೀಬರಿಗೆ ಪಿಬಿ ಎಂಬ ಪ್ರತ್ಯೇಕ ದರ್ಜೆ, ಅತಿ ದಪ್ಪನಾದ ಆಯ್ದ ಅರೇಬಿಕಾಕ್ಕೆ ಮೈಸೂರು ನಗೆಟ್ಸ್ ಎಂಬ ಹೆಸರು. ಅಗಲದ ಸಣ್ಣ ವ್ಯತ್ಯಾಸದ ಹಿಂದೆ ತೂಕದ ದೊಡ್ಡ ವ್ಯತ್ಯಾಸ ಅಡಗಿರುತ್ತದೆ. ಹದಿನೈದರಿಂದ ಹದಿನೆಂಟಕ್ಕೆ ಅಗಲ ಐದರಲ್ಲೊಂದು ಪಾಲು ಮಾತ್ರ ಹೆಚ್ಚಿತು. ಆಕಾರವೂ ಸಾಂದ್ರತೆಯೂ ಒಂದೇ ಎಂದು ಭಾವಿಸಿದರೆ ಉದ್ದ, ಅಗಲ, ದಪ್ಪ ಮೂರೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ತೂಕ ನೂರಕ್ಕೆ ಎಪ್ಪತ್ತಕ್ಕೂ ಮೇಲೆ ಏರುತ್ತದೆ. ಆದರೆ ಸಾಂದ್ರತೆ ಒಂದೇ ಇರುವುದಿಲ್ಲವೆಂಬುದನ್ನು ಜರಡಿ ಅರಿಯದು. ಆ ಕೊರತೆಯನ್ನು ತುಂಬಲು ಕೆಳಗಿನಿಂದ ಗಾಳಿಯನ್ನು ಊದಿ ಹಗುರ ಬೀಜವನ್ನು ಹಾರಿಸುವ ಯಂತ್ರಗಳೂ, ಓರೆಯಾಗಿ ಅದುರುವ ಹಲಗೆಯ ಮೇಲೆ ಭಾರವಾದವನ್ನು ಒಂದು ಕಡೆಗೂ ಹಗುರವಾದವನ್ನು ಮತ್ತೊಂದು ಕಡೆಗೂ ಸರಿಸುವ ಯಂತ್ರಗಳೂ ಬಂದಿವೆ. ಜರಡಿಯಾದ ಮೇಲೆ ಇವನ್ನೂ ದಾಟಿ ಬಂದ ರಾಶಿಯಲ್ಲಿ ಮಾತ್ರ ಬೀಜ ಬೀಜಕ್ಕೂ ತೂಕ ಸಮೀಪವಾಗಿರುತ್ತದೆ.

ಸರಾಸರಿಯನ್ನು ನಂಬುವ ಮೊದಲು ಎಷ್ಟು ಬೀಜಗಳನ್ನು ತೂಗಬೇಕೆಂಬ ಪ್ರಶ್ನೆಯೂ ಇದೆ. ಒಂದು ರಾಶಿಯ ಸರಾಸರಿ 150 ಮಿಲಿಗ್ರಾಂ ಇದ್ದು, ಬೀಜಗಳು ಅದರಿಂದ ಸಾಮಾನ್ಯವಾಗಿ 30 ಮಿಲಿಗ್ರಾಂನಷ್ಟು ಅತ್ತಿತ್ತ ಚದರಿವೆಯೆಂದು ಊಹಿಸೋಣ. ಒಂದೇ ಬೀಜವನ್ನು ಎತ್ತಿಕೊಂಡರೆ ಐದರಲ್ಲೊಂದು ಪಾಲು ತಪ್ಪುವುದು ಸಹಜ. ನೂರು ಬೀಜಗಳನ್ನು ತೂಗಿದರೆ ಚದರಿಕೆ ನೂರರ ವರ್ಗಮೂಲದಿಂದ ಭಾಗವಾಗಿ ಸರಾಸರಿಯಲ್ಲಿನ ತಪ್ಪು ಮೂರು ಮಿಲಿಗ್ರಾಂಗೆ ಇಳಿಯುತ್ತದೆ. ನೂರು ಬೀಜದ ತೂಕವೆಂಬ ವಾಡಿಕೆಗೆ ಆಧಾರ ಇದೇ. ಬೀಜಗಳನ್ನು ಕೈಯಿಂದ ಆರಿಸಿದರೆ ಮಾತ್ರ ಈ ಗಣಿತ ನಡೆಯದು, ಏಕೆಂದರೆ ಬೆರಳು ತಿಳಿಯದೆಯೇ ದಪ್ಪ ಬೀಜದ ಕಡೆಗೆ ಹೋಗುತ್ತದೆ. ರಾಶಿಯನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಟ್ಟು, ಉಳಿದುದನ್ನು ಹಾಗೆಯೇ ಮತ್ತೆ ಮತ್ತೆ ಪಾಲು ಮಾಡಿ ಮಾದರಿಯನ್ನು ಪಡೆಯಬೇಕು.

ಹುರಿದಾಗ ಬೀಜ ತೂಕದಲ್ಲಿ ಕುಗ್ಗಿ ಗಾತ್ರದಲ್ಲಿ ಹಿಗ್ಗುತ್ತದೆ. ಮೊದಲು ಉಳಿದ ನೀರು ಆವಿಯಾಗುತ್ತದೆ. 200 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ ಒಳಗಿನ ಆವಿಯ ಒತ್ತಡದಿಂದ ಚಟಚಟನೆ ಸಿಡಿದು ಉಬ್ಬುತ್ತದೆ. ಆಮೇಲೆ ಶರ್ಕರಗಳೂ ಆಮ್ಲಗಳೂ ಒಡೆದು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಎಳೆಯ ಹುರಿತದಲ್ಲಿ ನೂರಕ್ಕೆ 12ರಿಂದ 14, ನಡುವಣದರಲ್ಲಿ 15ರಿಂದ 17, ಕಪ್ಪಾಗಿ ಹುರಿದರೆ 20ರವರೆಗೂ ತೂಕ ಹೋಗುತ್ತದೆ. 150 ಮಿಲಿಗ್ರಾಂ ಹಸಿ ಬೀಜ ಹೀಗೆ 125, 130 ಮಿಲಿಗ್ರಾಂ ಆಗಿ ಉಳಿಯುವುದರಿಂದ, ಹುರಿದ ಕಾಫಿಯ ಒಂದು ಗ್ರಾಂಗೆ ಏಳೆಂಟು ಬೀಜ. ಸಂಗೀತಗಾರ ಬೀಥೋವನ್ ಪ್ರತಿ ಬಟ್ಟಲಿಗೂ ಅರವತ್ತು ಬೀಜಗಳನ್ನು ಎಣಿಸಿ ಹಾಕಿಸುತ್ತಿದ್ದನೆಂದು ಅವನ ಒಡನಾಡಿ ಶಿಂಡ್ಲರ್ ಬರೆದಿಟ್ಟಿದ್ದಾನೆ. ಅದು ಸುಮಾರು ಎಂಟು ಗ್ರಾಂ, ಇಂದಿಗೂ ಒಂದು ಬಟ್ಟಲಿಗೆ ಒಪ್ಪುವ ಪ್ರಮಾಣ. ಆದರೆ ಅರವತ್ತೂ ಸಣ್ಣ ಬೀಜಗಳಾದ ದಿನ ಅದು ಆರು ಗ್ರಾಂಗೆ ಇಳಿದು, ಅರವತ್ತೂ ದಪ್ಪ ಬೀಜಗಳಾದ ದಿನ ಹತ್ತಕ್ಕೆ ಏರುತ್ತಿದ್ದಿರಬೇಕು. ಎಣಿಕೆಯ ನಿಷ್ಠೆ ಎಷ್ಟಿದ್ದರೂ ತಕ್ಕಡಿಯ ಕೆಲಸವನ್ನು ಎಣಿಕೆ ಮಾಡಲಾರದು.

ತೂಕ ಸಮವಿಲ್ಲದ ರಾಶಿಯನ್ನು ಒಟ್ಟಿಗೆ ಹುರಿಯುವುದರಲ್ಲಿ ಇನ್ನೊಂದು ತೊಡಕಿದೆ. ಸಣ್ಣ ಬೀಜದ ಒಳಗಿನ ತನಕ ಶಾಖ ಬೇಗ ಹೋಗುತ್ತದೆ, ದಪ್ಪ ಬೀಜದಲ್ಲಿ ತಡವಾಗಿ. ಟೊಳ್ಳು ಬೀಜ ಗಟ್ಟಿ ಬೀಜಕ್ಕಿಂತ ಮುಂಚೆಯೇ ಕರಿಕಾಗಿ ಒಗರನ್ನು ಬಿಡುತ್ತದೆ. ಆದುದರಿಂದ ನಿಜವಾಗಿ ಬೇಕಾದುದು ಹಿರಿಯ ಬೀಜವಲ್ಲ, ಸಮಾನ ತೂಕದ ಬೀಜ. ಸಿ ದರ್ಜೆಯ ಗಟ್ಟಿ ಬೀಜ ಒಂದೇ ಸಮವಾಗಿದ್ದರೆ, ಹೊಂದಿಕೆಯಿಲ್ಲದ ಎಎ ದರ್ಜೆಗಿಂತ ಸಮವಾಗಿ ಹುರಿದುಬರುತ್ತದೆ. ಪೀಬರಿಯನ್ನು ದುಂಡಗಿರುವ ಕಾರಣ ಉರುಳಿಸಿ ಬೇರೆ ಮಾಡುವುದು ಸುಲಭವಾದುದರಿಂದ, ಹುರಿಯುವವರು ಅದನ್ನು ಚಪ್ಪಟೆ ಬೀಜದೊಡನೆ ಬೆರೆಸದೆ ಬೇರೆಯಾಗಿಯೇ ಹುರಿದು, ಆಮೇಲೆ ಬೇಕಾದ ಪ್ರಮಾಣದಲ್ಲಿ ಪ್ಲಾಂಟೇಷನ್ ಎ ಜೊತೆಗೆ ಕೂಡಿಸಿ ಪುಡಿಮಾಡಿಕೊಡುತ್ತಾರೆ.